ಬೆಂಕಿಪೊಟ್ಟಣದ ಆ ತುದಿ

ಅಂಜನಾಳನ್ನು ನಾನು ಮೊದಲು ನೋಡಿದ್ದು ಗಂಗಾಧರಯ್ಯನವರ ಸೈಕಲ್ ಅಂಗಡಿಯಲ್ಲಿ. ಅವತ್ತು ನನ್ನ ಸೈಕಲ್ಲಿನ ಹಿಂದಿನ ಚಕ್ರದ ಗಾಳಿ ಹೋಗಿತ್ತು. ಹತ್ತು ನಿಮಿಷದಲ್ಲಿ ನನ್ನದೂ ಹೋಯಿತು.

ಬಿಟಿಎಂ ಎರಡನೇ ಹಂತದ ನಮ್ಮ ರಸ್ತೆಯಲ್ಲಿ ಎಡಕ್ಕೆ ಮೊಮೊ, ಬಲಕ್ಕೆ ಮೊಬೈಲು, ನಡುವೆ ಗಂಗಾಧರಯ್ಯ. ಅವರು ನನ್ನ ಚಕ್ರ ಬಿಚ್ಚುತ್ತಿದ್ದಾಗ ಅವಳು ಬಂದಳು. ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು.

"ಅಂಕಲ್, ವಾಲ್ ಟ್ಯೂಬ್ ಇದೆಯಾ?"

"ಎಷ್ಟು ಬೇಕಮ್ಮ?"

"ಎಷ್ಟಿದೆಯೋ ಅಷ್ಟೂ ಕೊಡಿ."

ಗಂಗಾಧರಯ್ಯ ಕನ್ನಡಕವನ್ನು ಹಣೆಗೇರಿಸಿದರು. "ಎಷ್ಟು ಸೈಕಲ್ ಇಟ್ಕೊಂಡಿದೀಯಮ್ಮ ಮನೇಲಿ?"

"ಒಂದೂ ಇಲ್ಲ."

ವಾಲ್ ಟ್ಯೂಬ್ ಅಂದರೆ ಸೈಕಲ್ ಚಕ್ರಕ್ಕೆ ಗಾಳಿ ತುಂಬುವ ಬಾಯಿಯೊಳಗೆ ಹಾಕುವ, ಶಾವಿಗೆಗಿಂತ ಕೊಂಚ ದಪ್ಪದ ರಬ್ಬರ್ ಕೊಳವೆ. ನನಗೆ ಬೇಕಿದ್ದದ್ದು ಒಂದೇ ಇಂಚು. ಅವಳ ಕೈಯಲ್ಲಿ ಆಗಲೇ ಇಡೀ ಸುರುಳಿ ಇತ್ತು.

ನಾನು ಗಂಟಲು ಸರಿಮಾಡಿಕೊಂಡು, ನನಗೆ ಅನ್ನ ಹಾಕುವ ಕಸ್ಟಮರ್ ಕೇರ್ ಧ್ವನಿ ತೆಗೆದೆ. "ಪ್ರಿಯ ಗ್ರಾಹಕರೇ, ತಾವು ಖರೀದಿಸಿದ ಸುರುಳಿಯಲ್ಲಿ ಒಂದಿಂಚನ್ನು ಬಡ ಸೈಕಲ್ ಸವಾರರಿಗೆ ದಾನ ಮಾಡಲು, ದಯವಿಟ್ಟು ಒಂದನ್ನು ಒತ್ತಿ."

ಅವಳು ತಿರುಗಿದಳು. ಒಂದು ಹುಬ್ಬು ಮೇಲೆ ಹೋಯಿತು. ಇನ್ನೊಂದು ಅಲ್ಲೇ ಇತ್ತು, ಅದಕ್ಕೆ ಈ ವಿಷಯ ಇನ್ನೂ ತಲುಪಿಲ್ಲವೇನೋ ಎಂಬಂತೆ.

"ಒತ್ತಲ್ಲ ಅಂದ್ರೆ?"

"ಮುಖ್ಯ ಮೆನುಗೆ ಹಿಂದಿರುಗಲು ಸೊನ್ನೆಯನ್ನು ಒತ್ತಿ."

ಅವಳು ನಗುವನ್ನು ತುಟಿಯಲ್ಲಿ ಹಿಡಿದಳು. ಅದು ಮೂಗಿನಿಂದ ತಪ್ಪಿಸಿಕೊಂಡಿತು. ಬ್ಯಾಗಿನಿಂದ ಕತ್ತರಿ ತೆಗೆದು ಒಂದಿಂಚು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟಳು. ಬ್ಯಾಗಿನಲ್ಲಿ ಕತ್ತರಿ ಇಟ್ಟುಕೊಂಡು ಓಡಾಡುವ ಹುಡುಗಿಯನ್ನು ನಾನು ಅವತ್ತೇ ನೋಡಿದ್ದು.

"ಇದು ದಾನ ಅಲ್ಲ, ಸಾಲಾನೂ ಅಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಿಳೇಕಹಳ್ಳಿ ಸಮುದಾಯ ಭವನಕ್ಕೆ ಉರಿಸಿದ ಬೆಂಕಿಕಡ್ಡಿ ನೂರು ತನ್ನಿ. ಮದ್ದು ಇರ್ಬಾರ್ದು, ಮಕ್ಕಳಿದಾರೆ."

ಅವಳು ಹೋದಮೇಲೆ ಗಂಗಾಧರಯ್ಯ ಪಂಪು ಒತ್ತುತ್ತಾ ಕೇಳಿದರು: "ಗಾಳಿ ಸಾಕಾ?"

"ಎಲ್ಲಿಗೆ?" ಅಂದೆ.

*

ಒಂದು ವಾರದಲ್ಲಿ ನೂರು ಕಡ್ಡಿ ಸುಡುವುದು ತಮಾಷೆಯಲ್ಲ. ನನ್ನ ರೂಮ್‌ಮೇಟ್ ಹೆಸರು ಮೌನೇಶ. ಹೆಸರಲ್ಲಷ್ಟೇ ಮೌನ.

"ಏನೋ ಮಹಾಂತ್ಯಾ, ಕುಂತ್ ಕುಂತಲ್ಲೆ ಕಡ್ಡಿ ಗೀರಾಕತ್ತೀ. ಬೀಡಿ ಸೇದಂಗಿಲ್ಲ, ದೀಪ ಹಚ್ಚಂಗಿಲ್ಲ. ಓನರ್ ಮನಿಗೆ ಬೆಂಕಿ ಹಚ್ಚೂ ವಿಚಾರ ಐತೇನು?"

"ಬೆಂಕಿ ಆಗ್ಲೇ ಹತ್ಕೊಂಡಿದೆ. ಇವು ಬರೀ ಕಡ್ಡಿ."

ಬಿಳೇಕಹಳ್ಳಿಯ ಆ ಭವನದಲ್ಲಿ ಭಾನುವಾರ ಆದರೆ ನಾಮಕರಣ, ಸೀಮಂತ. ಶನಿವಾರ ಬೆಳಿಗ್ಗೆ ಖಾಲಿ. ಆ ಖಾಲಿ ಹೊತ್ತನ್ನು ಭವನದ ಸಮಿತಿಯವರಿಂದ ಅಂಜನಾ ಕೇಳಿ ಪಡೆದಿದ್ದಳು. ಐದರಿಂದ ಎಂಟು ವರ್ಷದ ಇಪ್ಪತ್ತು ಮಕ್ಕಳು. ಅಪಾರ್ಟ್‌ಮೆಂಟಿನವರೂ ಇದ್ದರು, ಆ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಕ್ಕಳೂ ಇದ್ದರು. ನೆಲದ ಮೇಲೆ ಹುಣಸೇಬೀಜ, ಬಾಟಲಿ ಮುಚ್ಚಳ, ಒಡೆದ ಬಳೆ, ಹಳೇ ಪೇಪರ್. ನಮ್ಮ ಮನೆಗಳಲ್ಲಿ ಅಮ್ಮಂದಿರು ಬೈದು ಬಿಸಾಡಿಸುವುದೆಲ್ಲ ಅಲ್ಲಿ ಪಠ್ಯಪುಸ್ತಕ.

ನನ್ನ ನೂರು ಕಡ್ಡಿ, ಅವಳ ಕೊಳವೆಯ ತುಣುಕು. ಕಡ್ಡಿಯ ತುದಿಗಳನ್ನು ರಬ್ಬರಿನಿಂದ ಸೇರಿಸಿದರೆ ಮೂರಕ್ಕೆ ತ್ರಿಕೋನ, ನಾಲ್ಕಕ್ಕೆ ಚೌಕ.

"ಒತ್ತಿ ನೋಡಿ. ಯಾವ್ದು ಅಲ್ಲಾಡುತ್ತೆ?"

"ಮಿಸ್! ಚೌಕ ಕಾಜು ಬರ್ಫಿ ಆಗೋಯ್ತು!" ಎಂದು ಕೂಗಿದ್ದು ಸಿರಿ. ಏಳು ವರ್ಷ, ಮುಂದಿನ ಎರಡು ಹಲ್ಲು ಇಲ್ಲ, ಆದರೆ ಗುಟ್ಟು ಇಟ್ಟುಕೊಳ್ಳಲಾಗದ್ದಕ್ಕೆ ಅದು ಕಾರಣವಲ್ಲ.

"ತ್ರಿಕೋನ?"

"ಅದು ಹಠಮಾರಿ ಮಿಸ್. ಬಗ್ಗಲ್ಲ."

ನಾನು ಮೆಲ್ಲಗೆ ಅಂದೆ, "ಸಿನಿಮಾದಲ್ಲಿ ನೋಡಿದ್ರೆ ತ್ರಿಕೋನಾನೇ ಜಾಸ್ತಿ ಅಲ್ಲಾಡೋದು ಮೇಡಂ."

ಅವಳು ತಲೆ ಎತ್ತಲಿಲ್ಲ. "ನಿಮ್ದು ಯಾವ ಆಕಾರ?"

"ಸದ್ಯಕ್ಕೆ ಬರೀ ಒಂದು ಕಡ್ಡಿ."

ಬಗ್ಗಿದ ತಲೆಯ ಕೆಳಗೆ ನಗು ಹುಟ್ಟಿದ್ದು ಕಿವಿಯ ಅಂಚಿನಲ್ಲಿ ಗೊತ್ತಾಯಿತು. ಅವಳ ಕಿವಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಅಂಜನಾಳ ತರಗತಿಗೆ ಒಂದು ಕಟ್ಟುನಿಟ್ಟಿತ್ತು. ಪ್ರತಿ ಮಗುವಿಗೂ ಹಳೇ ಕ್ಯಾಲೆಂಡರ್ ಹಾಳೆಗಳನ್ನು ಹೊಲಿದು ಮಾಡಿದ ಒಂದು ನೋಟ್‌ಬುಕ್ಕು, ಪ್ರತಿ ಪುಟದಲ್ಲೂ ಮೂರು ಚೌಕ. ಏನೇ ಮಾಡಲಿ, ಮೂರು ಸಲ ಮಾಡಬೇಕು. ಮೂರು ಸಲವೂ ಅದೇ ಬಂದರೆ ಮಾತ್ರ ಅದು ನಿಜ. "ಒಂದ್ಸಲ ಆದ್ರೆ ಲಕ್ಕು, ಎರಡ್ಸಲ ಆದ್ರೆ ಡೌಟು, ಮೂರ್ಸಲ ಆದ್ರೆ ಬರ್ಕೊ. ಸಾಮಾನು ಮಾತ್ರ ಅದೇ ಇರ್ಬೇಕು, ಬದಲಾಯಿಸಂಗಿಲ್ಲ."

ಇಪ್ಪತ್ತು ಮಕ್ಕಳು ಇದನ್ನು ಒಟ್ಟಿಗೆ ಕೂಗಿದರೆ ಭವನದ ಪಾರಿವಾಳಗಳು ಹಾರಿಹೋಗುತ್ತಿದ್ದವು. ಮೂರನೇ ವಾರದಿಂದ ನಾನೂ ಕೂಗತೊಡಗಿದೆ.

*

ನಾನು ಬನ್ನೇರುಘಟ್ಟ ರಸ್ತೆಯ ಒಂದು ಕಸ್ಟಮರ್ ಕೇರ್‌ನಲ್ಲಿ ಕೆಲಸ ಮಾಡುವವನು. ಸೋಮವಾರದಿಂದ ಶುಕ್ರವಾರದವರೆಗೆ ಜನರ ಸಿಟ್ಟನ್ನು ಹೆಡ್‌ಫೋನಿನಲ್ಲಿ ಕೇಳಿ, "ನಿಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ" ಅನ್ನುವುದು. ಮಿಮಿಕ್ರಿ ಮಾತ್ರ ಮೊದಲಿನಿಂದ ಇದ್ದ ಚಟ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಧ್ವನಿಯಲ್ಲಿ ರಜೆ ಘೋಷಿಸಿ ಒಂದು ವಾರ ಸಸ್ಪೆಂಡ್ ಆಗಿದ್ದೆ. ಆ ವಾರವೂ ರಜೆಯೇ ಆಯಿತು.

ಮಕ್ಕಳಿಗೆ ಧ್ವನಿಯ ಪಾಠ ಬಂದಾಗ ಅಂಜನಾ ನನ್ನನ್ನು ಮುಂದೆ ನಿಲ್ಲಿಸಿದಳು. ಮೂರು ವಿಷಲ್ ಕುಕ್ಕರು, ಮೀಟರ್ ಮೇಲೆ ಇಪ್ಪತ್ತು ಕೇಳುವ ಆಟೋ ಅಣ್ಣ, ಸಿಲ್ಕ್ ಬೋರ್ಡ್ ಟ್ರಾಫಿಕ್ಕು. ಕೊನೆಯದಕ್ಕೆ ಪ್ರತಿ ಮಗುವೂ ಒಂದೊಂದು ಹಾರ್ನ್ ಆಯಿತು. ಎಲ್ಲರೂ ಗಂಟಲ ಮೇಲೆ ಬೆರಳಿಟ್ಟು ನಡುಕ ಮುಟ್ಟಿ ನೋಡಿದರು. ನಾನು ಅವಳನ್ನು ನೋಡಿದೆ. ಅವಳೂ ಗಂಟಲ ಮೇಲೆ ಬೆರಳಿಟ್ಟುಕೊಂಡಿದ್ದಳು. ಬೆರಳ ತುದಿಯಲ್ಲಿ ಒಣಗಿದ ಗೋಂದು ಸಿಪ್ಪೆ ಸುಲಿಯುತ್ತಿತ್ತು.

ಅವತ್ತು ಚಾಪೆ ಸುತ್ತುವಾಗ ಅವಳು ಕೇಳಿದಳು: "ಎಲ್ಲರ ಧ್ವನಿ ಮಾಡ್ತೀರಿ. ನಿಮ್ದು ಯಾವ್ದು?"

"ಗಾಳಿ ಸಾಕಾ?" ಎಂದೆ, ಗಂಗಾಧರಯ್ಯನವರ ಧ್ವನಿಯಲ್ಲಿ.

ಅವತ್ತು ಅವಳು ನಗಲಿಲ್ಲ. ಚಾಪೆಯ ಇನ್ನೊಂದು ತುದಿ ಹಿಡಿದು, ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಸುತ್ತತೊಡಗಿದಳು. ಚಾಪೆ ಮುಗಿಯುತ್ತಾ ಬಂದಂತೆ ನಾವು ಹತ್ತಿರವಾದೆವು. ಪೂರ್ತಿ ಮುಗಿಯುವಷ್ಟರಲ್ಲಿ ಅವಳು ಸುರುಳಿಯನ್ನು ಎತ್ತಿಕೊಂಡು ಹೋಗಿಬಿಟ್ಟಳು.

ಆಮೇಲಿನ ವಾರಗಳಲ್ಲಿ ನನ್ನ ಹೆಡ್‌ಫೋನಿಗೆ ಬರುವ ಪ್ರತಿ "ಹಲೋ"ದಲ್ಲೂ ಒಂದು ಸೆಕೆಂಡು ನಾನು ತಡೆಯುತ್ತಿದ್ದೆ. ಬೆಂಗಳೂರಿನಲ್ಲಿ ಇಷ್ಟು ಜನ ಇದ್ದಾರೆ. ಎಲ್ಲರಿಗೂ ರೀಚಾರ್ಜ್ ತೊಂದರೆ. ಅವಳಿಗೊಬ್ಬಳಿಗೆ ಯಾಕೆ ಏನೂ ತೊಂದರೆ ಆಗಬಾರದು?

*

ಆಗಸ್ಟಿನಲ್ಲಿ ಒಂದು ಶನಿವಾರ ಅವಳು ಹುಣಸೇಬೀಜ ಎಣಿಸುತ್ತಾ ಅಂದಳು: "ಮಹಾಂತೇಶ್, ನಂಗೆ ನಿಮ್ಮ ಭಾಷೆ ಕಲಿಸ್ತೀರಾ?"

"ಯಾವ್ದು? ಕುಕ್ಕರ್ ಭಾಷೆನಾ?"

"ಲಿಂಗಸುಗೂರ್ ಭಾಷೆ." ಬೀಜಗಳು ಹತ್ತರ ಗುಡ್ಡೆಗಳಾಗುತ್ತಿದ್ದವು. "ಎರಡು ವರ್ಷ ಅಲ್ಲಿ ಕೆಲಸ ಸಿಕ್ಕಿದೆ. ಅಂಗನವಾಡಿ ಟೀಚರ್‌ಗಳಿಗೆ ಇದನ್ನೇ ಕಲಿಸೋದು. ಬೀಜ, ಮುಚ್ಚಳ, ಕಡ್ಡಿ. ಸೆಪ್ಟೆಂಬರ್ ಕೊನೇಲಿ ಹೊರಡ್ಬೇಕು."

ನನ್ನ ಊರು ಮುದಗಲ್. ಲಿಂಗಸುಗೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ನಾಲ್ಕು ವರ್ಷದ ಹಿಂದೆ ನಾನು ಬಿಟ್ಟುಬಂದ ದಾರಿಯಲ್ಲೇ ಅವಳು ಹೊರಟಿದ್ದಳು, ನಾನಿಲ್ಲದ ಕಡೆಗೆ. ಶನಿವಾರಗಳನ್ನು ಎಣಿಸಿದೆ. ಆರು ಉಳಿದಿದ್ದವು. ಹತ್ತರ ಗುಡ್ಡೆಯೂ ಆಗಲಿಲ್ಲ.

"'ಕೂತ್ಕೊಳಿ' ಅನ್ನಂಗಿಲ್ಲ. 'ಕುಂದರ್ರಿ' ಅನ್ನಬೇಕು."

"ಕುಂದ... ರ್ರಿ."

"'ಇದೆ' ಅಲ್ಲ, 'ಐತಿ'."

"ಐತಿ," ಅಂದಳು, ಪಾಯಸಕ್ಕೆ ಕೆಂಪುಚಟ್ನಿ ಬಿದ್ದಂತೆ. "ಚೆನ್ನಾಗೈತಿ?"

"'ಚಲೋ ಐತಿ'. ಯಾರಾದ್ರೂ ಹೊರಟಾಗ 'ಬನ್ನಿ' ಅನ್ಬೇಡಿ. 'ಬರ್ರಿ ಮತ್ತ' ಅನ್ನಿ. ಹೋಗ್ರಿ ಅಂತಲ್ಲ ಅದು, ತಿರುಗಿ ಬರ್ರಿ ಅಂತ."

ಅವಳು ಅದನ್ನು ಕ್ಯಾಲೆಂಡರ್ ಹಾಳೆಯ ಮೇಲೆ ಬರೆದುಕೊಂಡಳು. ಬರೆಯುತ್ತಲೇ ಕೇಳಿದಳು: "ನೀವ್ಯಾಕೆ ಹೀಗೆ ಮಾತಾಡಲ್ಲ? ನಾನು ಕೇಳೇ ಇಲ್ಲ."

"ಟ್ರೈನಿಂಗಲ್ಲಿ ತೆಗೆದ್ರು. ಮೂರು ವಾರ ಕೂರಿಸಿ ತಿದ್ದಿದ್ರು."

"ತೆಗೆದದ್ದನ್ನ ಎಲ್ಲಿ ಇಟ್ರಿ?"

ಮಾತಿನ ಮಲ್ಲ ನಾನು. ಅವಳು ಎಣಿಸಿದ್ದ ಬೀಜಗಳನ್ನೇ ಮತ್ತೆ ಎಣಿಸತೊಡಗಿದೆ.

ಹೇಳಬೇಕಾದ ಮಾತು ಒಂದೇ ಇತ್ತು. ಕನ್ನಡಿ ಮುಂದೆ ಅದನ್ನು ಆಟೋ ಅಣ್ಣನ ಧ್ವನಿಯಲ್ಲಿ ಹೇಳಿದೆ, ಸಲೀಸಾಗಿ ಬಂತು. ಪ್ರಿನ್ಸಿಪಾಲರ ಧ್ವನಿಯಲ್ಲಿ ಬಂತು, ಸ್ವಲ್ಪ ಇಂಗ್ಲಿಷ್ ಬೆರೆತು. ಕಸ್ಟಮರ್ ಕೇರ್ ಧ್ವನಿಯಲ್ಲಂತೂ "ಖಚಿತಪಡಿಸಲು ಒಂದನ್ನು ಒತ್ತಿ" ಎಂಬ ಬಾಲದೊಂದಿಗೆ ಬಂತು. ನನ್ನದರಲ್ಲಿ ಹೇಳಹೋದರೆ ಮತ್ತೆ ಆಟೋ ಅಣ್ಣನೇ ಬಂದ.

"ಬಾಲ್ಕನ್ಯಾಗ ಹೋಗಿ ಒದರಲೇ," ಅಂದ ಮೌನೇಶ. "ಅಕಿಗೆ ಕೇಳತೈತಿ. ಇಲ್ಲಾಂದ್ರ ಜಯನಗರದ ಮಂದಿನಾದ್ರೂ ಹೇಳ್ತಾರ."

*

ಸೆಪ್ಟೆಂಬರ್ ಮೊದಲ ಶನಿವಾರ ಬೆಂಕಿಪೊಟ್ಟಣದ ಫೋನು. ಎರಡು ಖಾಲಿ ಪೊಟ್ಟಣ, ತಳದಲ್ಲಿ ತೂತು, ತೂತಿನಲ್ಲಿ ದಾರ, ಒಳಗೆ ಅರ್ಧ ಕಡ್ಡಿಗೆ ಗಂಟು. ನಡುವೆ ಭವನದ ಉದ್ದ. ಒಬ್ಬರು ಮಾತಾಡಿದರೆ ಪೊಟ್ಟಣ ನಡುಗಿ, ನಡುಕ ದಾರದಲ್ಲಿ ನಡೆದು, ಆ ಕಡೆ ಮತ್ತೆ ಮಾತಾಗುತ್ತದೆ. ತುಟಿ ನೋಡಿ ಮೋಸ ಮಾಡಬಾರದೆಂದು ಮಾತಾಡುವವರು ಗೋಡೆ ಕಡೆ ತಿರುಗಬೇಕು.

"ದಾರ ಸಡಿಲ ಬಿಟ್ರೆ ಕೇಳ್ಸಲ್ಲ," ಎಂದು ಮಕ್ಕಳೇ ಕಂಡುಹಿಡಿದರು, ಮೂರು ಸಲ.

ಹತ್ತೂವರೆಗೆ ಮಕ್ಕಳೆಲ್ಲ ನೀರು, ಬಾಳೆಹಣ್ಣು ಎಂದು ಹೊರಗೆ ಓಡಿದರು. ಆ ಕಡೆಯ ಪೊಟ್ಟಣವನ್ನು ನಾನೇ ಕಿಟಕಿಯ ಸರಳಿಗೆ ಸಿಕ್ಕಿಸಿ ಬಂದಿದ್ದೆ. ದಾರ ಬಿಗಿಯಾಗಿತ್ತು. ಹಾಲ್ ಖಾಲಿ. ಗೋಡೆ ಕಡೆ ತಿರುಗಿ, ಪೊಟ್ಟಣವನ್ನು ಬಾಯಿಗಿಟ್ಟುಕೊಂಡೆ.

ನನ್ನ ಧ್ವನಿಯಲ್ಲಿ ಹೇಳಲಾಗದ್ದನ್ನು ಅವಳ ಧ್ವನಿಯಲ್ಲಿ ಒಂದು ಸಲ ಕೇಳಬೇಕು ಅನ್ನಿಸಿತು, ಅಷ್ಟೇ. ಆ ಧ್ವನಿ ನನಗೆ ಚೆನ್ನಾಗಿ ಗೊತ್ತಿತ್ತು. ಮಾತಿನ ಕೊನೆಯಲ್ಲಿ ಸ್ವಲ್ಪ ಏರಿ, ಪ್ರಶ್ನೆಯಾಗುವ ಮೊದಲೇ ನಿಂತುಬಿಡುವ ಧ್ವನಿ.

"ಮಹಾಂತೇಶ್," ಅಂದೆ, ಅಂಜನಾಳಂತೆ. "ನೀವಂದ್ರೆ ನಂಗೆ ತುಂಬಾ ಇಷ್ಟ. ನೀವೇ ಯಾಕೆ ಹೇಳಲ್ಲ?"

ದಾರ ಒಂದಿಷ್ಟು ಎಳೆದಂತಾಯಿತು. ತಿರುಗಿದೆ.

ಕಿಟಕಿಯ ಬಳಿ ಅವಳು ನಿಂತಿದ್ದಳು. ಪೊಟ್ಟಣ ಸರಳಿನಲ್ಲಿರಲಿಲ್ಲ. ಕಿವಿಯಲ್ಲಿತ್ತು. ಸುಳ್ಳು ಹೇಳಲು ಬಾರದ ಆ ಕಿವಿ ಕೆಂಪಾಗಿತ್ತು.

ನಾನು ಬಾಯಿ ತೆರೆದೆ. ನಾಲ್ಕು ಧ್ವನಿಗಳು ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಂಡವು.

ಅವಳು ಪೊಟ್ಟಣವನ್ನು ಮೆಲ್ಲಗೆ ಸರಳಿಗೆ ಸಿಕ್ಕಿಸಿ, "ಮಕ್ಕಳೇ ಬನ್ನಿ, ಸಾಕು," ಎಂದು ಕರೆದಳು. ಕೊನೆಯಲ್ಲಿ ಬ್ಯಾಗು ಹಾಕಿಕೊಳ್ಳುವಾಗ ಮಾತ್ರ ನನ್ನ ಕಡೆ ನೋಡದೆ ಹೇಳಿದಳು: "ನನ್ನ ಧ್ವನೀಲಿ ಹೇಳಿಸ್ಕೊಂಡ್ಬಿಟ್ರಿ. ನನ್ನನ್ನ ಒಂದು ಮಾತು ಕೇಳ್ಲಿಲ್ಲ."

*

ಎರಡು ಶನಿವಾರ ನಾನು ಹೋಗಲಿಲ್ಲ. ಮೊದಲನೆಯದು ನಾಚಿಕೆ, ಎರಡನೆಯದು ಮೊದಲನೆಯದರ ನಾಚಿಕೆ. ಉಳಿದಿದ್ದ ಶನಿವಾರಗಳನ್ನು ಹೀಗೆ ನಾನೇ ಸುಟ್ಟುಹಾಕಿದೆ, ಕಡ್ಡಿ ಗೀರಿದ ಹಾಗೆ. ಕೆಲಸದಲ್ಲಿ ಒಬ್ಬ ಹೆಂಗಸು, "ಏನಪ್ಪಾ, ನಿಂಗೇ ಏನೋ ಕಂಪ್ಲೇಂಟ್ ಇದ್ದಂಗಿದೆ" ಅಂದಳು.

ಮೂರನೇ ವಾರ ಸೈಕಲ್ಲಿಗೆ ಗಾಳಿ ಹೊಡೆಸಲು ನಿಂತಾಗ ಗಂಗಾಧರಯ್ಯ ತಲೆ ಎತ್ತದೆಯೇ ಹೇಳಿದರು: "ಆ ಸೈಕಲ್ ಇಲ್ಲದ ಹುಡುಗಿ ಬಂದಿದ್ಲಪ್ಪ. ಮಿಮಿಕ್ರಿಯವರು ಬಂದ್ರೆ ಹೇಳಿ ಅಂದ್ಲು. ಅದೇನೋ ಒಂದೇ ಸಲ ಮಾಡಿ ಓಡಿಹೋದೆಯಂತೆ ನೀನು. ಇನ್ನೂ ಬಾಕಿ ಇದೆಯಂತೆ. ಈ ಶನಿವಾರ ಕೊನೇದಂತೆ."

"ಅಷ್ಟೇನಾ ಹೇಳಿದ್ದು?"

"ಹೇಳಿದ್ದು ಅಷ್ಟೇ. ಆದ್ರೆ ವಾಲ್ ಟ್ಯೂಬ್ ತಗೊಳ್ದೇ ಹೋದ್ಲು. ಅದಕ್ಕೇ ಅಂತ ಬಂದಿರ್ಲಿಲ್ಲ ಅನ್ಸುತ್ತೆ."

*

ಕೊನೆಯ ಶನಿವಾರ ಮಕ್ಕಳು ಅವಳಿಗೆ ಪೇಪರ್ ಹಾರ ಹಾಕಿದರು. ಸಿರಿ ತನ್ನ ಕಾಜು ಬರ್ಫಿ ಚೌಕವನ್ನು ಕೊಟ್ಟಳು, ಈಗ ನಡುವೆ ಒಂದು ಅಡ್ಡಕಡ್ಡಿ ಇತ್ತು. "ಇನ್ನು ಅಲ್ಲಾಡಲ್ಲ ಮಿಸ್. ಎರಡು ತ್ರಿಕೋನ ಮಾಡ್ಬಿಟ್ಟೆ." ಆಮೇಲೆ ನನ್ನ ಕಡೆ ತಿರುಗಿ, "ನೀವ್ಯಾಕೆ ಸರ್ ಮೌನೇಶ ಆಗಿದೀರಾ?" ಅಂದಳು. ನನ್ನ ರೂಮ್‌ಮೇಟಿನ ಜೋಕು ಅವಳಿಗೆ ಹೇಳಿದ್ದು ನನ್ನದೇ ತಪ್ಪು.

ಮಕ್ಕಳು ಹೋದರು. ಅಂಜನಾ ಬ್ಯಾಗಿನಿಂದ ಅವೇ ಎರಡು ಬೆಂಕಿಪೊಟ್ಟಣ, ಅದೇ ದಾರ ತೆಗೆದಳು. ಒಂದನ್ನು ನನ್ನ ಕಡೆ ಚಾಚಿದಳು.

"ಹೇಳಿ."

"ಗೋಡೆ ಕಡೆ ತಿರುಗ್ಲಾ?"

"ಬೇಡ. ಈ ಕಡೆ ನೋಡಿ."

ನಾವು ಎರಡು ಮಾರು ದೂರದಲ್ಲಿದ್ದೆವು. ದಾರ ನೆಲದ ಮೇಲೆ ಬಿದ್ದಿತ್ತು. ಗಂಟಲು ಸರಿಮಾಡಿಕೊಂಡೆ. "ಪ್ರಿಯ ಗ್ರಾಹಕರೇ..."

ಅವಳು ತಲೆ ಅಡ್ಡಡ್ಡ ಆಡಿಸಿದಳು. "ಕೇಳಿಸ್ತಿಲ್ಲ. ದಾರ ಸಡಿಲ ಇದೆ. ಹಿಂದೆ ಹೋಗಿ."

ಒಂದು ಹೆಜ್ಜೆ ಹಿಂದೆ ಹೋದೆ. ಇನ್ನೊಂದು. ಹೋಗುವವಳು ಅವಳು, ಹಿಂದೆ ಸರಿಯುತ್ತಿರುವವನು ನಾನು. ಒಂದೊಂದು ಹೆಜ್ಜೆಗೂ ಅವಳು ಚಿಕ್ಕವಳಾಗುತ್ತಿದ್ದಳು: ಮೊದಲು ಬೆರಳಿನ ಗೋಂದು ಕಾಣದಾಯಿತು, ಆಮೇಲೆ ಜಡೆಯ ಪೆನ್ಸಿಲ್, ಆಮೇಲೆ ಹುಬ್ಬು. ದಾರ ನೆಲ ಬಿಟ್ಟು ಎದ್ದಿತು, ಜೋತಾಡಿತು, ನೆಟ್ಟಗಾಯಿತು. ನನ್ನ ಬೆನ್ನಿಗೆ ಗೋಡೆ ತಾಕಿತು. ಇನ್ನು ಹೋಗಲು ಜಾಗವಿರಲಿಲ್ಲ.

ಪೊಟ್ಟಣವನ್ನು ಬಾಯಿಗಿಟ್ಟುಕೊಂಡೆ. ಅದರೊಳಗೆ ಇನ್ನೂ ಮದ್ದಿನ ವಾಸನೆಯಿತ್ತು.

"ಅಂಜನಾ," ಅಂದೆ. ಆ ಧ್ವನಿ ನನಗೇ ಅಪರಿಚಿತ, ಸ್ವಲ್ಪ ಒರಟು. "ನೀವಂದ್ರ ನನಗ ಭಾಳ ಇಷ್ಟ ಐತ್ರೀ. ಮಿಮಿಕ್ರಿ ಅಲ್ರೀ ಇದು. ನೀವು ಹೋದ್ಮ್ಯಾಲ ನನ್ನ ವಾರಕ್ಕ ಆರ ದಿನಾನ. ಅವತ್ತ ನಿಮ್ಮ ದನಿ ತಗೊಂಡಿದ್ದು ತಪ್ಪಾತು. ನನ್ನ ದನಿ ಎಲ್ಲಿಟ್ಟಿದ್ನೋ ಸಿಕ್ಕಿರಲಿಲ್ರೀ."

ಆ ಕಡೆ ಅವಳು ಬಹಳ ಹೊತ್ತು ಪೊಟ್ಟಣವನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದಳು, ಇನ್ನೂ ಏನೋ ದಾರದಲ್ಲಿ ಬರುವುದು ಬಾಕಿಯಿದೆ ಎನ್ನುವಂತೆ. ಆಮೇಲೆ ಬಾಯಿಗಿಟ್ಟುಕೊಂಡಳು. ನಾನು ಕಿವಿಗಿಟ್ಟುಕೊಂಡೆ.

ಜೀರುಂಡೆಯಷ್ಟು ಸಣ್ಣಗೆ, ನನ್ನ ಕಿವಿಯ ಒಳಗೇ ಅವಳು ಮಾತಾಡಿದಳು.

"ಅವತ್ತು ಧ್ವನಿ ಮಾತ್ರ ಕದ್ದೆ ಅಂದ್ಕೊಂಡಿದೀರಾ? ಮಾತೂ ನಂದೇ ಆಗಿತ್ತು. ಅದಕ್ಕೇ ಸಿಟ್ಟು ಬಂದಿದ್ದು. ಎರಡು ತಿಂಗಳಿಂದ ಹೇಳ್ಬೇಕು ಅಂತ ಇಟ್ಕೊಂಡಿದ್ದೆ, ನೀವು ಗೋಡೆಗೆ ಹೇಳ್ಬಿಟ್ರಿ."

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ, ದಾರ ನಡುಗಿದ್ದು ಮಾತ್ರ ಇಬ್ಬರಿಗೂ ಗೊತ್ತಾಯಿತು.

ಹತ್ತಿರ ಹೋದೆ. ದಾರ ನೆಲಕ್ಕೆ ಬಿತ್ತು, ಈಗ ಅದರ ಹಂಗು ಬೇಕಿರಲಿಲ್ಲ. ಅವಳು ಕ್ಯಾಲೆಂಡರ್ ನೋಟ್‌ಬುಕ್ಕು ತೆಗೆದು, ಖಾಲಿ ಪುಟದಲ್ಲಿ ಮೂರು ಚೌಕ ಎಳೆದಳು. ಮೊದಲನೆಯದರಲ್ಲಿ ಒಂದು ಟಿಕ್. "ಇದು ಅವತ್ತಿನದು, ನಾನು ಹೇಳಿದ್ದು ಅಂತ್ಲೇ ಲೆಕ್ಕ. ನನ್ನ ಧ್ವನಿ, ನನ್ನ ಮಾತು." ಎರಡನೆಯದರಲ್ಲಿ ಇನ್ನೊಂದು. "ಇದು ನೀವು, ಇವತ್ತು."

"ಮೂರನೇದು?"

"ದೀಪಾವಳಿಗೆ ಊರಿಗೆ ಹೋಗಲ್ವಾ ನೀವು?"

"ಹೋಗ್ತೀನಿ. ಅಲ್ಲೀವರ್ಗೂ ಫೋನಲ್ಲಿ..."

"ಫೋನಲ್ಲಿ ಎಷ್ಟು ಬೇಕಾದ್ರೂ ಹೇಳಿ. ಲೆಕ್ಕಕ್ಕಿಲ್ಲ. ಸಾಮಾನು ಅದೇ ಇರ್ಬೇಕು." ಬ್ಯಾಗಿನಿಂದ ಕತ್ತರಿ ಬಂತು, ಮೊದಲ ದಿನದ ಅದೇ ಕತ್ತರಿ. ದಾರವನ್ನು ನಡುವೆ ಮಡಚಿ ಕತ್ತರಿಸಿ, ನನ್ನ ಪೊಟ್ಟಣವನ್ನು ಅರ್ಧ ದಾರದ ಸಮೇತ ನನ್ನ ಅಂಗೈಯಲ್ಲಿಟ್ಟಳು. ಈ ಸಲ ಅಂಗೈಯಿಂದ ಅವಳ ಬೆರಳು ತಕ್ಷಣ ಏಳಲಿಲ್ಲ.

"ಗಂಟು ಹಾಕಿದ್ರೆ ಕೇಳ್ಸುತ್ತಾ?" ಅಂದೆ.

"ಮಾಡಿ ನೋಡ್ಬೇಕು."

ಹೊರಗೆ ಆಟೋ ನಿಂತಿತ್ತು. ಪೇಪರ್ ಹಾರ, ಬೀಜದ ಡಬ್ಬಿ, ಅಲ್ಲಾಡದ ಚೌಕ, ಎಲ್ಲವನ್ನೂ ಹಿಡಿದುಕೊಂಡು ಅವಳು ಹತ್ತಿದಳು. ಅಣ್ಣ ಮೀಟರ್ ಮೇಲೆ ಇಪ್ಪತ್ತು ಕೇಳಿದ, ಥೇಟ್ ನನ್ನಂತೆಯೇ. ಆಟೋ ಬನ್ನೇರುಘಟ್ಟ ರಸ್ತೆಗೆ ತಿರುಗುವ ಮುಂಚೆ ಅವಳು ಪಕ್ಕಕ್ಕೆ ಬಗ್ಗಿ, ಹಾರ ಹಾರಿಹೋಗದಂತೆ ಒಂದು ಕೈಯಲ್ಲಿ ಹಿಡಿದು, ಕೂಗಿದಳು:

"ಬರ್ರಿ ಮತ್ತ!"

ಒಂದು ಅಕ್ಷರವೂ ತಪ್ಪಿರಲಿಲ್ಲ. ರಾಗ ಕೂಡ ಅದೇ, ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಅವ್ವ ಕೂಗುವ ರಾಗ. ಅರ್ಧ ದಾರವನ್ನು ಬೆರಳಿಗೆ ಸುತ್ತಿಕೊಂಡು, ಆಟೋ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ತೆಗೆದದ್ದನ್ನು ಎಲ್ಲಿಟ್ರಿ ಅಂತ ಕೇಳಿದ್ದಳಲ್ಲ. ಅಲ್ಲಿತ್ತು, ಆ ಕೂಗಿನಲ್ಲಿ.